ನಮ್ಮ ಹುಡುಗ ಕಳಿ ತಿಂದ ಕತೆ

ಎಲೆ ಮುಂದೆ ಕೂತು, ಏನೂ ಎಡವಟ್ಟಾಗದೆ ನಮ್ಮ ಮನೆಯೋರು ಎದ್ದಿದ್ದನ್ನ ನಾನಂತೂ ಇದುವರೆಗೆ ಕಂಡಿಲ್ಲ. ಬೇರೆಯೋರ ಮನೇಲಿ ಆಸ್ತಿಗೆ ಜಗಳ ಆಗುತ್ತೆ, ನಮ್ಮಲ್ಲಿ ಸಾರಿನ ಪಾತ್ರೆ ತಳಕ್ಕೆ ಆಗುತ್ತೆ.

ನಾನು ತಮಿಳುನಾಡು ಗಡಿಯ ಹೊಸೂರಿನ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಬಡಿಸೋಳು. ಜನ ತಿನ್ನೋದನ್ನ ನೋಡೋದೇ ನನ್ನ ಕೆಲಸ. ಗೊಣಗಿಕೊಂಡು ತಿನ್ನೋರಿದ್ದಾರೆ, ಪಕ್ಕದೋರ ತಟ್ಟೆ ನೋಡ್ಕೊಂಡು ತಿನ್ನೋರಿದ್ದಾರೆ, ಫೋನು ಒತ್ತುತ್ತಾ ಏನು ತಿಂದ್ವಿ ಅಂತ್ಲೇ ಗೊತ್ತಿಲ್ದೆ ಎದ್ದು ಹೋಗೋರಿದ್ದಾರೆ. ಆದ್ರೆ ನಮ್ಮಕ್ಕನ ಮಗನ ಹಾಗೆ ತಿನ್ನೋರು ಇನ್ನೊಬ್ಬರಿಲ್ಲ. ಅದೇ ಫ್ಯಾಕ್ಟರೀಲಿ ಮೆಷಿನ್ ನೋಡ್ಕೊಳ್ಳೋ ಹುಡುಗ. ಕಣ್ಣು ಅರ್ಧ ಮುಚ್ಚಿ, ಸೊರ್ರಂತ ಸಾರು ಎಳೆದು, ಐದು ಬೆರಳೂ ನೆಕ್ಕಿ, ಕೊನೇಲಿ ಒಂದು ತೇಗು ತೇಗಿದ ಅಂದ್ರೆ ಊಟ ಆದೋರಿಗೂ ಇನ್ನೊಂದ್ಸಲ ಹಸಿವಾಗಬೇಕು. ಯಾರು ನೋಡ್ತಾರೆ, ಏನಂದ್ಕೋತಾರೆ ಅನ್ನೋದು ಅವನ ತಲೆಗೆ ಬರೋದೇ ಇಲ್ಲ.

ನಮ್ಮಕ್ಕನ ತಲೆಗೆ ಮಾತ್ರ ಬೇರೇನೂ ಬರ್ತಿರಲಿಲ್ಲ. ತಳಿ ಅನ್ನೋ ಊರಿನ ಹತ್ರ ಅವಳ ಮನೆ. ಹೋದಾಗೆಲ್ಲ ಒಂದೇ ಗೋಳು, ಈ ಬಾಯಿ ಕಂಡ ಮೇಲೆ ಇವನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ. "ಊಟ ತನ್ನಿಚ್ಛೆ ಕಣಕ್ಕಾ" ಅಂತ ಸಮಾಧಾನ ಹೇಳಿದ್ರೆ, "ಹೆಣ್ಣು ಪರರಿಚ್ಛೆ ಕಣೇ" ಅಂತ ಬಾಯಿ ಮುಚ್ಚಿಸೋಳು. ಅವಳು ಹೆದರಿದ್ರಲ್ಲೂ ಸುಳ್ಳಿರಲಿಲ್ಲ ಅನ್ನಿ.

ಒಪ್ಪಿಗೆ

ಮೊದಲ ಹೆಣ್ಣು ನೋಡೋಕೆ ಕೃಷ್ಣಗಿರಿಗೆ ಹೋಗಿದ್ವಿ. ಹೆಣ್ಣು ನೋಡೋಕೆ ಹೋದ ಗಂಡು ಹೇಗೆ ತಿನ್ನಬೇಕು ಅಂತ ಒಂದು ಪದ್ಧತಿ ಇದೆಯಲ್ಲ, ಕೇಸರಿಬಾತಿನ ಮೂಲೆ ಮುರಿದು, ಬಜ್ಜಿ ಅರ್ಧ ಕಚ್ಚಿ, ತಟ್ಟೆ ಪಕ್ಕಕ್ಕೆ ಸರಿಸಬೇಕು. ಅಕ್ಕ ಬಸ್ಸಿನಲ್ಲಿ ದಾರಿ ಉದ್ದಕ್ಕೂ ಇದನ್ನೇ ಪಾಠ ಮಾಡ್ಕೊಂಡು ಬಂದಿದ್ಳು. ಅವನೂ ಹೂಂ ಹೂಂ ಅಂದಿದ್ದ.

ಆದ್ರೆ ಆ ಮನೆಯೋರು ಮೆಣಸಿನಕಾಯಿ ಬಜ್ಜಿ ಮಾಡಿಬಿಟ್ಟಿದ್ರು. ಬಿಸಿಬಿಸಿ, ಮೇಲೆ ಗರಿಗರಿ, ಒಳಗೆ ಮೆತ್ತಗೆ. ಪಾಠ ಎಲ್ಲಾ ಎಣ್ಣೇಲಿ ಹೋಯ್ತು. ತನ್ನ ತಟ್ಟೆ ಖಾಲಿ ಮಾಡಿದ. ಅವನಪ್ಪ, ಅಂದ್ರೆ ನಮ್ಮ ಭಾವ, ಮಾತಿನ ಮೇಲಿದ್ರು, ಅವರ ತಟ್ಟೇನೂ ಖಾಲಿ ಮಾಡಿದ. ನನ್ನ ತಟ್ಟೆ ಕಡೆ ನೋಡಿದ, ನಾನೇ ತಳ್ಳಿದೆ. ಈ ನಡುವೆ ಹುಡುಗಿ ಕಾಫಿ ತಂದು, ನಿಂತು, ಒಳಗೆ ಹೋಗಿದ್ದೂ ಆಗಿತ್ತು. ಇವನು ತಲೆ ಎತ್ತಿದ್ರೆ ತಾನೇ!

ಹುಡುಗಿ ಅಪ್ಪ ಗಂಟಲು ಸರಿ ಮಾಡ್ಕೊಂಡು, ಮುಚ್ಚುಮರೆ ಯಾಕೆ, ಹುಡುಗ ತನ್ನ ಬಾಯಲ್ಲೇ ಹೇಳಿಬಿಡಲಿ, ಹೆಂಗಿದೆ, ಒಪ್ಪಿಗೇನಾ ಅಂತ ಕೇಳಿದ್ರು.

ಇವನು ಬಾಯಿ ಒರೆಸಿಕೊಂಡು ಬಲು ವಿನಯದಿಂದ ಹೇಳಿದ. "ಒಪ್ಪಿಗೆ ಮಾವ. ಖಾರ ಒಂಚೂರು ಜಾಸ್ತಿ, ಮಿಕ್ಕಿದ್ದೆಲ್ಲಾ ಸರಿಯಾಗಿ ಬೆಂದೈತೆ."

ಸಾಕು

ಆ ಸಂಬಂಧ ತಪ್ಪಿದ ಮೇಲೆ ಅಕ್ಕ ಒಂದು ಉಪಾಯ ಕಂಡುಹಿಡಿದ್ಳು. ಹೊಸೂರಿನಲ್ಲಿ ನೆಂಟರ ಮದುವೆ. ಅಲ್ಲಿಗೆ ಒಬ್ಬ ಅತ್ತೆಮ್ಮ ಬರ್ತಾಳೆ, ಅವಳ ತಮ್ಮನ ಮಗಳಿಗೆ ಗಂಡು ಹುಡುಕ್ತಿದ್ದಾರೆ. ಇವನು ಎಲ್ಲರ ಹಾಗೆ ಮಿತವಾಗಿ ಉಣ್ಣೋದನ್ನ ಅವಳು ಒಂದ್ಸಲ ಕಣ್ಣಾರೆ ನೋಡಿಬಿಟ್ರೆ ಸಾಕು, ಕೆಲಸ ಆಯ್ತು ಅಂತ. "ಎರಡನೇ ಸಲ ಅನ್ನ ತಂದಾಗ ಎಲೆಗೆ ಕೈ ಅಡ್ಡ ಹಿಡಿದು 'ಸಾಕು' ಅನ್ಲಾ. ಅಷ್ಟೇ ಕಣ್ಲಾ, ನಿನ್ನ ಕಾಲಿಗೆ ಬೀಳ್ತೀನಿ" ಅಂದ್ಳು. ಹೆತ್ತೋಳು ಕಾಲಿಗೆ ಬೀಳ್ತೀನಿ ಅಂದ ಮೇಲೆ ಯಾವ ಮಗ ಇಲ್ಲ ಅಂತಾನೆ?

ಅತ್ತೆಮ್ಮ ಸರಿಯಾಗಿ ಎದುರು ಸಾಲಿನಲ್ಲೇ ಕೂತ್ಳು. ಮೊದಲ ಸಲ ಬಡಿಸಿದ್ದನ್ನ ಇವನು ಸದ್ದಿಲ್ಲದೆ ತಿಂದ, ಪಾಪ, ಕಣ್ಣಲ್ಲಿ ನೀರಿತ್ತು. ಎರಡನೇ ಸಲ ಅನ್ನದ ಬಕೆಟ್ಟು ಬಂತು. ಎರಡೂ ಕೈ ಅಗಲವಾಗಿ ಚಾಚಿ, "ಸಾಕು, ಸಾಕು" ಅಂದ.

ಅಡಿಗೆಯೋರು ಸೇಲಂ ಕಡೆಯಿಂದ ಬಂದೋರು, ಕನ್ನಡದ ಗಂಧ ಇಲ್ಲ. ತಮಿಳಿನಲ್ಲಿ 'ಸಾಕ್ಕು' ಅಂದ್ರೆ ಗೋಣಿಚೀಲ. ಬಡಿಸೋ ಮನುಷ್ಯ ಇವನ ಕೈ ಅಗಲ ನೋಡಿದ, ಇವನ ಮೈ ನೋಡಿದ, ತಲೆ ಆಡಿಸಿ ಬಕೆಟ್ಟು ಕೆಳಗಿಟ್ಟು ಹೋದ. ಅಕ್ಕ ನನ್ನ ಕೈ ಅದುಮಿದ್ಳು. ನೋಡು, ಗೆದ್ವಿ ಅನ್ನೋ ಹಾಗೆ.

ಹೋದೋನು ಅಕ್ಕಿ ಖಾಲಿ ಮಾಡಿದ ಗೋಣಿಚೀಲ ಹಿಡ್ಕೊಂಡು ವಾಪಸ್ ಬಂದ. ಅದನ್ನ ಇವನ ಮುಂದೆ ಕೊಡವಿ, ಸಾಲೆಲ್ಲಾ ಕೇಳೋ ಹಾಗೆ, "ಇಂದ ಸಾಕ್ಕು ಪೋದುಮಾ, ಪೆರಿಸಾ ವೇಣುಮಾ?" ಅಂತ ಕೇಳಿದ. ಈ ಚೀಲ ಸಾಕಾ, ಇನ್ನೂ ದೊಡ್ಡದು ಬೇಕಾ ಅಂತ. ಅತ್ತೆಮ್ಮ ಪಾಯಸಕ್ಕೂ ಕಾಯದೆ ಎದ್ದು ಹೋದ್ಳು.

ಅಕ್ಕ ಬೈದದ್ದು ಒಂದೆರಡಲ್ಲ. ಇವನು ನನ್ನ ಹತ್ರ ಬಂದು ಪಿಸುಗುಟ್ಟಿದ. "ಸಾಕು ಅನ್ನೋ ಮಾತು ನಮ್ಮ ವಂಶಕ್ಕೇ ಆಗಿಬರಲ್ಲ, ಅಲ್ವಾ ಚಿಕ್ಕಮ್ಮ?"

ಹೆಲ್ಮೆಟ್ಟು

ಇದೊಂದು ಸಣ್ಣದು, ಆದ್ರೆ ಇದನ್ನ ಹೇಳದೆ ಮುಂದಿನದು ಹೇಳೋಕೆ ಬರಲ್ಲ.

ನಮ್ಮ ಮುದ್ದೆಗೆ ತಮಿಳಿನೋರು ಕಳಿ ಅಂತಾರೆ. ಹಿಂದೆಲ್ಲಾ ಜೈಲಿನಲ್ಲಿ ಕೈದಿಗಳಿಗೆ ಅದನ್ನೇ ಹಾಕ್ತಿದ್ರಂತೆ. ಅದಕ್ಕೆ ತಮಿಳಿನಲ್ಲಿ 'ಕಳಿ ತಿನ್ನೋದು' ಅಂದ್ರೆ ಜೈಲಿಗೆ ಹೋಗೋದು ಅಂತ್ಲೂ ಅರ್ಥ. ಇದು ನಮ್ಮ ಹುಡುಗನಿಗೆ ಗೊತ್ತಿಲ್ದೆ ಇಲ್ಲ. ಆದ್ರೆ ಹಸಿದಾಗ ಅವನ ಕಿವಿ ತನಗೆ ಬೇಕಾದ್ದನ್ನ ಮಾತ್ರ ಒಳಗೆ ಬಿಟ್ಕೊಳ್ಳುತ್ತೆ.

ಒಂದಿನ ಶಿಫ್ಟ್ ಮುಗಿಸಿ ಹೆಲ್ಮೆಟ್ ಇಲ್ದೆ ಗಾಡೀಲಿ ಬರ್ತಿದ್ದ. ಹೊಟ್ಟೆ ತಾಳ ಹಾಕ್ತಿತ್ತು. ಬಸ್ ಸ್ಟ್ಯಾಂಡ್ ಹತ್ರ ಪೊಲೀಸಪ್ಪ ಕೈ ಅಡ್ಡ ಹಾಕಿ, ಲೈಸೆನ್ಸ್ ಕೇಳಿದ. ಇವನು ಜೇಬು ತಡಕಿದ, ಅದೂ ಇಲ್ಲ. ಪೊಲೀಸಪ್ಪನಿಗೆ ಪಿತ್ತ ನೆತ್ತಿಗೇರಿತು. "ಉಳ್ಳ ಪೋಯಿ ಕಳಿ ತಿಂಗ್ರಿಯಾ?" ಅಂತ ಗದರಿದ. ಒಳಗೆ ಹೋಗಿ ಕಳಿ ತಿಂತೀಯಾ ಅಂತ.

ನಮ್ಮ ಹುಡುಗನ ಮುಖ ಅರಳಿಬಿಡ್ತು. "ಕೊಳಂಬು ಎನ್ನ ಸಾರ್?" ಅಂದ. ಜೊತೆಗೆ ಸಾರು ಏನಿದೆ ಸಾರ್ ಅಂತ.

ದಂಡವನ್ನೇನೋ ಬಿಡಲಿಲ್ಲ. ಆದ್ರೆ ರಸೀತಿ ಬರೆಯೋವಾಗ ನಗು ತಡೀಲಾರದೆ ಪೊಲೀಸಪ್ಪ ಎರಡು ಸಲ ತಪ್ಪು ಬರೆದನಂತೆ. ಈಗಲೂ ದಾರೀಲಿ ಇವನು ಸಿಕ್ಕಿದ್ರೆ ಲೈಸೆನ್ಸ್ ಕೇಳಲ್ಲ, ಊಟ ಆಯ್ತಾ ಅಂತ ಕೇಳ್ತಾನೆ.

ಸೇಲಂನಲ್ಲಿ ಮೂರು ವರ್ಷ

ಕೊನೆಗೂ ಧರ್ಮಪುರಿ ಕಡೆಯಿಂದ ಒಂದು ಸಂಬಂಧ ಬಂತು. ನಮ್ಮೋರೇ. ಆದ್ರೆ ಆ ಕಡೆ ಸೇರಿ ತಲೆಮಾರುಗಳಾಗಿ ಮನೇಲೂ ತಮಿಳೇ ಆಗಿಹೋಗಿತ್ತು. ಅಜ್ಜಿ ಬಾಯಲ್ಲಿ ಒಂದಿಷ್ಟು ಕನ್ನಡ ಉಳಿದಿತ್ತು. ಹುಡುಗಿ ಹೊಸೂರಿನಲ್ಲೇ ಕೆಲಸ ಮಾಡೋಳು, ಅವಳಿಗೂ ಬರ್ತಿತ್ತು. ಅಪ್ಪ, ಅಜ್ಜಿ, ಹುಡುಗಿ ಮೂರು ಜನ ಮನೆ ನೋಡೋಕೆ ಬರ್ತೀವಿ ಅಂತ ಹೇಳಿ ಕಳಿಸಿದ್ರು.

ಅಕ್ಕನಿಗೆ ಎರಡು ದಿನದಿಂದ ನಿದ್ದೆ ಇಲ್ಲ. ಇದೂ ತಪ್ಪಿದ್ರೆ ಇನ್ನು ಇವನಿಗೆ ಮದುವೆನೇ ಇಲ್ಲ ಅಂತ ತೀರ್ಮಾನ ಮಾಡ್ಕೊಂಡಿದ್ಳು. "ನೀನು ಅವರ ಮುಂದೆ ಒಂದು ಅಗುಳೂ ಮುಟ್ಟಬೇಡ. ಮುಖ ತೋರಿಸಿ ಅಡಿಗೆಮನೆಗೆ ಬಂದ್ಬುಡು" ಅಂತ ಮಗನಿಗೆ ಕಟ್ಟಪ್ಪಣೆ. ಒಲೆ ಮೇಲೆ ಹಿದುಕಿದಬೇಳೆ ಸಾರು ಕುದೀತಿತ್ತು, ಮನೆಯೆಲ್ಲಾ ಅವರೆ ಘಮ. ಇವನು ಬಂದೋರಿಗೆ ಕೈ ಮುಗಿದ, ಎರಡು ನಿಮಿಷ ಕೂತ, ಒಳಗೆ ಬಂದು ನಾನು ಕಟ್ಟುತ್ತಿದ್ದ ಮುದ್ದೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಹಾಗಾಗಿ ಹೊರಗೆ ಮಾತೆಲ್ಲಾ ನಮ್ಮ ಭಾವನ ಪಾಲಿಗೆ ಬಂತು. ಭಾವನಿಗೆ ಕನ್ನಡ, ತೆಲುಗು ನೀರು ಕುಡಿದಂಗೆ. ತಮಿಳು ಮಾತ್ರ ಬರೀ ಧೈರ್ಯದ ಮೇಲೆ ಮಾತಾಡ್ತಾರೆ. ಹುಡುಗ ಫ್ಯಾಕ್ಟರಿಗೆ ಸೇರೋ ಮುಂಚೆ ಎಲ್ಲಿದ್ದ ಅಂತ ಹುಡುಗಿ ಅಪ್ಪ ಕೇಳಿದ್ರು. ಇವನು ಡಿಪ್ಲೊಮಾ ಓದಿದ್ದು ಸೇಲಂನಲ್ಲಿ, ಹಾಸ್ಟೆಲಿನಲ್ಲಿದ್ದು. ಅಷ್ಟು ಹೇಳಿದ್ರೆ ಮುಗೀತಿತ್ತು. ಆದ್ರೆ ಭಾವನಿಗೆ ಆ ಹೊತ್ತಿಗೆ ಓದಿನ ಮಾತು ಸಿಗದೆ ಊಟದ ಮಾತು ಸಿಕ್ತು.

"ಮೂಣು ವರುಷಂ ಸೇಲಂ" ಅಂದ್ರು. "ಉಳ್ಳಯೇ ಇರುಂದಾನ್. ದಿನಮುಂ ಕಳಿ." ಮೂರು ವರ್ಷ ಸೇಲಂನಲ್ಲಿ ಒಳಗೇ ಇದ್ದ, ದಿನಾ ಕಳಿ ಅಂತ.

ಹುಡುಗಿ ಅಪ್ಪ ಲೋಟ ಕೆಳಗಿಟ್ರು. ಸೇಲಂನಲ್ಲಿ ದೊಡ್ಡ ಜೈಲಿರೋದು ಈ ಸೀಮೆಗೆಲ್ಲಾ ಗೊತ್ತು. ಅಂಥದ್ದೇನು ಮಾಡಿದ್ದ ಅಂತ ಮೆಲ್ಲಗೆ ಕೇಳಿದ್ರು. ಏನು ಕೋರ್ಸ್ ಮಾಡಿದ ಅಂತ ಕೇಳ್ತಿದ್ದಾರೆ ಅಂದ್ಕೊಂಡ ಭಾವ, ಅದೇನೋ ನಂಗೂ ಸರಿಯಾಗಿ ತಿಳೀದು, ನಮ್ಮೂರಿಂದ ಇನ್ನೂ ಮೂರ್ನಾಲ್ಕು ಹುಡುಗರು ಅದನ್ನೇ ಮಾಡಿದ್ರು, ಎಲ್ಲಾ ಜೊತೇಲೇ ಇದ್ರು ಅಂದ್ರು. ವಾರ್ಡನ್ ಬಂಗಾರದಂಥ ಮನುಷ್ಯ, ಇವನು ಆಚೆ ಬರೋ ದಿನ ಕಣ್ಣಲ್ಲಿ ನೀರು ಹಾಕ್ಕೊಂಡ್ರು ಅಂದ್ರು. ನಾನು ಅಡಿಗೆಮನೆ ಬಾಗಿಲಿಂದ ಬೇಡ ಬೇಡ ಅಂತ ಕೈ ಆಡಿಸಿದೆ. ಭಾವ ಅದನ್ನ ಮಗನ ಬಗ್ಗೆ ಇನ್ನೂ ಹೇಳಿ ಅನ್ನೋ ಸನ್ನೆ ಅಂದ್ಕೊಂಡ್ರು.

"ಇವನ ತಮ್ಮನನ್ನೂ ಬರೋ ವರ್ಷ ಅಲ್ಲಿಗೇ ಕಳಿಸೋಣ ಅಂತಿದ್ದೀನಿ" ಅಂದ್ರು.

ಹುಡುಗಿ ಅಪ್ಪ ಎದ್ದೇಬಿಟ್ರು. ಬಸ್ಸಿಗೆ ಹೊತ್ತಾಯ್ತು ಅಂತ ಚಪ್ಪಲಿ ಹುಡುಕೋಕೆ ಶುರು ಮಾಡಿದ್ರು. ಅಕ್ಕ ಕಂಬ ಹಿಡ್ಕೊಂಡು ನಿಂತ್ಳು. ಏನಾಯ್ತು ಅಂತ ಅವಳಿಗೆ ಗೊತ್ತಿಲ್ಲ, ಮಗ ಮತ್ತೆ ಏನೋ ತಿಂದ ಅನ್ನೋದೊಂದೇ ಅವಳಿಗೆ ಹೊಳೆದದ್ದು.

ಅಷ್ಟರಲ್ಲಿ ಹುಡುಗಿ ಸೀದಾ ಅಡಿಗೆಮನೆಗೆ ಬಂದ್ಳು. ಇವನ ಬಾಯಿ ತುಂಬಾ ಮುದ್ದೆ, ಮೂಗಿನ ತುದೀಲಿ ಸಾರು.

"ಸೇಲಂನಲ್ಲಿ ಮೂರು ವರ್ಷ ಕಳಿ ತಿಂದದ್ದು ನಿಜಾನಾ?" ಅಂತ ಕೇಳಿದ್ಳು.

ಇವನು ನಿಧಾನವಾಗಿ ನುಂಗಿದ. "ನಿಜ. ಹಾಸ್ಟೆಲಿನೋರು ಹಾಕೋರು, ಬರೀ ಗಂಟು ಗಂಟು. ನಮ್ಮ ಚಿಕ್ಕಮ್ಮ ಕಟ್ಟೋ ಮುದ್ದೆ ಮುಂದೆ ಅದು ಯಾವ ಲೆಕ್ಕ" ಅಂದ.

ಹುಡುಗಿ ಬಾಗಿಲಿಗೆ ಒರಗಿಕೊಂಡು ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರೋವಷ್ಟು. ನಗು ಮುಗಿದ ಮೇಲೆ ಸಾರಿನ ಪಾತ್ರೆ ಕಡೆ ನೋಡಿದ್ಳು. ಗಂಡಿನ ಮನೇಲಿ ಏನೂ ಮುಟ್ಟಬೇಡ, ಹೊಟ್ಟೆಬಾಕಿ ಅಂದ್ಕೋತಾರೆ ಅಂತ ಅವರಮ್ಮ ಹೇಳಿ ಕಳಿಸಿದ್ರಂತೆ, ಬೆಳಿಗ್ಗೆಯಿಂದ ಬರೀ ಹೊಟ್ಟೇಲಿದ್ದಾಳೆ. ನಾನು ಇನ್ನೊಂದು ತಟ್ಟೆ ಇಟ್ಟೆ. ಸೆರಗು ಸಿಕ್ಕಿಸಿಕೊಂಡು ಕೂತ್ಳು. ಮುದ್ದೆ ಮುರಿದು, ಉರುಟಿ, ಸಾರಿನಲ್ಲಿ ಅದ್ದಿ, ಅಗಿಯದೆ ಗುಳುಂ ಅಂತ ನುಂಗಿದ್ಳು. ಸಾರು ಎಳೆದ ಸದ್ದು ಹೊರಗಿನ ಜಗಲೀವರೆಗೂ ಕೇಳಿಸಿರಬೇಕು. ನಮ್ಮ ಹುಡುಗ ಆವತ್ತು ಮೊದಲ ಸಲ ತಟ್ಟೆ ಬಿಟ್ಟು ಒಂದು ಹೆಣ್ಣಿನ ಮುಖ ನೋಡಿದ.

ಸದ್ದು ಕೇಳಿ ಎಲ್ಲರೂ ಬಾಗಿಲಿಗೆ ಬಂದ್ರು. "ಅಪ್ಪಾ, ಅದು ಜೈಲಲ್ಲ, ಕಾಲೇಜು ಹಾಸ್ಟೆಲು" ಅಂದ್ಳು ಹುಡುಗಿ, ತಲೆ ಎತ್ತದೆ. "ಬಸ್ಸಿಗೆ ಹೊತ್ತಾದ್ರೆ ನೀವು ಹೊರಡಿ. ನಾನು ಇನ್ನೊಂದು ಮುದ್ದೆ ತಿಂದು ಬತ್ತೀನಿ."

ಭಾವನಿಗೆ ತಾವು ಏನು ಹೇಳಿದ್ವಿ ಅಂತ ಆಗ ಅರ್ಥ ಆಗಿ, ಟವೆಲ್ಲಿನಲ್ಲಿ ಮುಖ ಮುಚ್ಕೊಂಡ್ರು. ಹುಡುಗಿ ಅಪ್ಪ ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಹಾಗೇ ನಿಂತಿದ್ರು. ಅಕ್ಕ ಅಳ್ತಾ ನಗ್ತಾ, ಇಷ್ಟು ವರ್ಷ ಮಗನ ಕೈ ಹಿಡಿದು ತಡೆದೋಳು, ತಾನೇ ಬಂದು ಇಬ್ಬರ ತಟ್ಟೆಗೂ ಮತ್ತೊಂದು ಮುದ್ದೆ ಇಟ್ಳು.

ಅಜ್ಜಿ ಎಲ್ಲರನ್ನೂ ಪಕ್ಕಕ್ಕೆ ಸರಿಸಿ ಒಳಗೆ ಬಂದು, ಗೋಡೆಗೆ ಒರಗಿ ಕಾಲು ಚಾಚಿ ಕೂತ್ಳು. ಸಾರಿನ ಪಾತ್ರೆ ಮೇಲೆ ಬಗ್ಗಿ ಒಂದ್ಸಲ ಮೂಸಿ ನೋಡಿ, ನನಗೆ ಹೇಳಿದ್ಳು.

"ಜೈಲೋ ಹಾಸ್ಟೆಲೋ, ನಂಗೂ ಒಂದು ಮುದ್ದೆ ಹಾಕವ್ವಾ. ಈ ಸಾರು ಕೊಡೋದಾದ್ರೆ ನಾನೂ ಮೂರು ವರ್ಷ ಒಳಗಿರ್ತೀನಿ."