ಹಿರಿಯರು ಮೊದಲು

ಸೋಮಶೇಖರ್ ಮೇಷ್ಟ್ರಿಗೆ ಆ ತಂತ್ರಾಂಶದ ಮೇಲಿದ್ದಷ್ಟು ಕೃತಜ್ಞತೆ ಹೆತ್ತವರ ಮೇಲಾದರೂ ಇತ್ತೋ ಇಲ್ಲವೋ. ಮೂರು ವರ್ಷದಿಂದ ಚೀಟಿಗಳಲ್ಲಿ ಬರೆದಿಟ್ಟು, ಅರ್ಧ ಕಳೆದುಕೊಂಡು ಒದ್ದಾಡುತ್ತಿದ್ದ ಆಕರಪಟ್ಟಿಯನ್ನು ಅದು ಟೀ ಆರುವಷ್ಟರಲ್ಲಿ ಅಕ್ಷರ ಕ್ರಮದಲ್ಲಿ ಜೋಡಿಸಿಕೊಟ್ಟಿತ್ತು. ಮೇಷ್ಟ್ರು ಲ್ಯಾಪ್‌ಟಾಪಿಗೆ ನಿಜವಾಗಿಯೂ ಕೈಮುಗಿದಿದ್ದರು.

ಹುಣಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ಅವರ ಪಿಎಚ್.ಡಿ. ಒಂದೇ ಒಂದು ಲೇಖನಕ್ಕೆ ನಿಂತಿತ್ತು. ಲೇಖಕರಲ್ಲಿ ಅವರ ಹೆಸರೇ ಮೊದಲಿರಬೇಕು, ಮಾರ್ಗದರ್ಶಕ ಚನ್ನಬಸವಣ್ಣನವರದು ಎರಡನೆಯದು. ಬಿತ್ತನೆ ರಾಗಿ ಕಾಪಿಡುವ ಬಗೆ ಕುರಿತ ಆ ಲೇಖನ ಇವತ್ತು ಸಂಜೆ ಐದರೊಳಗೆ ಪತ್ರಿಕೆಗೆ ಹೋಗಬೇಕು. ಮಾಹಿತಿ ಕೊಟ್ಟ ಇಬ್ಬರು ಆಕರಪಟ್ಟಿ ನೋಡಿ ಒಪ್ಪಿಗೆ ಪತ್ರಕ್ಕೆ ರುಜು ಹಾಕುವುದಷ್ಟೇ ಬಾಕಿ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಟ್ಟೆಮಳಲವಾಡಿಯ ದೊಡ್ಡಬೀರಯ್ಯನವರ ಜಗಲಿಯಲ್ಲಿ ಕೂತು ಪಟ್ಟಿ ತೋರಿಸಿದರು. ದೊಡ್ಡಬೀರಯ್ಯ ಕನ್ನಡಕ ಏರಿಸಿ ಓದಿ, ಪೆನ್ನನ್ನು ಕೆಳಗಿಟ್ಟರು.

"ಚಾಮುಂಡಿ ನನ್ನ ತಮ್ಮನ ಹೆಂಡ್ರು. ಅವ್ಳ ಹೆಸ್ರು ಮ್ಯಾಲೆ, ನಂದು ಕೆಳಿಕಾ?"

"ಅದು ಬರೀ ಅಕ್ಷರದ ಕ್ರಮ ಯಜಮಾನ್ರೇ. ಹೆಸರು ಎಲ್ಲಿದ್ರೇನು, ಮರ್ಯಾದೆ ಒಂದೇ."

"ನಮ್ ಕಡೆ ಅಂಗಲ್ಲ ಮೇಷ್ಟ್ರೇ. ಲಗ್ನಪತ್ರಿಕೇಲಿ ನನ್ನ ಹೆಸ್ರು ಮೂರ್ನೇದು ಆಕವ್ರೆ ಅಂತ ಸ್ವಂತ ಬಾಮೈದನ ಮದ್ವೆಗೇ ನಾನು ಓಗ್ನಿಲ್ಲ."

ಮಜ್ಜಿಗೆ ತಂದ ಚಾಮುಂಡಮ್ಮನವರಿಗೆ ವಿಷಯ ತಿಳಿದು ಇನ್ನೂ ಗಾಬರಿಯಾಯಿತು. "ಬಾವನ ಹೆಸ್ರಿನ ಮ್ಯಾಲೆ ನಂದು ಬ್ಯಾಡಿ ಸಾ. ಊರೋರು ಏನಂದಾರು? ನಾನೂ ರುಜು ಆಕಕ್ಕಿಲ್ಲ."

ಮೇಷ್ಟ್ರು ಲ್ಯಾಪ್‌ಟಾಪ್ ತೆರೆದು ದೊಡ್ಡಬೀರಯ್ಯನವರ ಹೆಸರನ್ನು ಮೇಲಕ್ಕೆ ಎಳೆದರು. ಕೈ ಬಿಟ್ಟೊಡನೆ ಅದು ಕೆಳಗಿಳಿಯಿತು. ಮತ್ತೆ ಎಳೆದರು. ಹಟ್ಟಿ ಬಿಟ್ಟು ಬಾರದ ಎಮ್ಮೆಯಂತೆ ಅದು ಮತ್ತೆ ತನ್ನ ಜಾಗಕ್ಕೇ ಹೋಗಿ ನಿಂತಿತು. ಗಂಟೆ ನಾಲ್ಕೂವರೆ, ಬ್ಯಾಟರಿ ಒಂಬತ್ತು ಪರ್ಸೆಂಟ್, ಊರಲ್ಲಿ ಕರೆಂಟಿಲ್ಲ.

ಕರೆಯದೆ ಬಂದು ನಿಂತಿದ್ದ ಪಕ್ಕದ ಮನೆಯ ಸ್ವಾಮಿ ಹೇಳಿದ, "ವಯಸ್ಸು ನೋಡಿ ಆಕಿ ಸಾ. ಆಧಾರ್ ಕಾರ್ಡ್ ಈಸ್ಕೊಂಡ್ರೆ ಆಯ್ತು."

ಮೇಷ್ಟ್ರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಪತ್ರಿಕೆ ಕೇಳಿದ್ದರಿಂದ ತಮ್ಮದೂ ಗುರುಗಳದೂ ಹುಟ್ಟಿದ ವರ್ಷ ಮೊದಲೇ ತುಂಬಿದ್ದರು. ಈಗ ಇವರಿಬ್ಬರದೂ ಸೇರಿಸಿದರು. ಏನು ಬೇಕೋ ಕೇಳಿ ಎನ್ನುತ್ತಿದ್ದ ಚೌಕದಲ್ಲಿ ಅವಸರವಾಗಿ ಬರೆದರು: 'ಈ ಲೇಖನದ ಎಲ್ಲ ಹೆಸರುಗಳಲ್ಲೂ ಹಿರಿಯರು ಮೊದಲು ಬರಲಿ.'

ಕಣ್ಣು ಮಿಟುಕಿಸುವುದರಲ್ಲಿ ದೊಡ್ಡಬೀರಯ್ಯ ಮೇಲೆ, ಚಾಮುಂಡಮ್ಮ ಕೆಳಗೆ. ಇಬ್ಬರೂ ನಗುನಗುತ್ತಾ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದರು, ಮೇಷ್ಟ್ರು ಅದರ ಫೋಟೋ ತೆಗೆದು ಸೇರಿಸಿದರು. ಐದಕ್ಕೆ ಮೂರು ನಿಮಿಷ ಇರುವಾಗ ಲೇಖನ ಹೊರಟುಹೋಯಿತು. ಮೇಷ್ಟ್ರ ಕಣ್ಣು ತುಂಬಿತ್ತು. ಮತ್ತೆ ಲ್ಯಾಪ್‌ಟಾಪಿಗೆ ಕೈಮುಗಿದರು. ಈ ಸಲ ದೊಡ್ಡಬೀರಯ್ಯನವರೂ ಮುಗಿದರು.

"ಮಿಶಿನ್ನಾದ್ರೂ ದೊಡ್ಡೋರು ಚಿಕ್ಕೋರು ಅನ್ನೋದು ಗೊತ್ತು ಕಣ್ರೀ ಇದ್ಕೆ."

ಸ್ವಲ್ಪ ಹೊತ್ತಿಗೆ ಫೋನು ಬಂತು. ಚನ್ನಬಸವಣ್ಣನವರು ಹಲೋ ಎನ್ನುವುದನ್ನೂ ಮರೆತು ಶುರುಮಾಡಿದರು.

"ಸೋಮಶೇಖರ್, ಪತ್ರಿಕೆಯಿಂದ ಈಗ ಮೇಲ್ ಬಂತು. ಮೂವತ್ತು ವರ್ಷದ ಸರ್ವೀಸಲ್ಲಿ ಯಾವ ವಿದ್ಯಾರ್ಥೀನೂ ಹೀಗೆ ಮಾಡಿರಲಿಲ್ಲ ಕಣ್ರೀ. ನಾನು ಬಾಯಿಬಿಟ್ಟು ಕೇಳದೇನೇ ನನ್ನ ಹೆಸರು ಮೊದಲು ಹಾಕಿ ಕಳಿಸಿದ್ದೀರಿ. ರಿಟೈರ್ ಆಗೋ ಹೊತ್ತಲ್ಲಿ ಇಂಥ ಉಡುಗೊರೆ. ನಿಮ್ಮ ಉಪಕಾರ ಮರೆಯೋಲ್ಲ. ನಿಮ್ಮ ಪಿಎಚ್.ಡಿ.ಗೇನು, ಮುಂದಿನ ವರ್ಷ ಇನ್ನೊಂದು ಲೇಖನ ಬರೆದರಾಯ್ತು."

ಮೇಷ್ಟ್ರು ಪರದೆ ನೋಡಿದರು. ಲೇಖಕರು: ಚನ್ನಬಸವಣ್ಣ. ಅದರ ಕೆಳಗೆ ಸೋಮಶೇಖರ್. ಸಲ್ಲಿಸಿದ ಮೇಲೆ ತಿದ್ದುವಂತಿಲ್ಲ ಎಂಬ ಸೂಚನೆ ತೋರಿಸಿ ಬ್ಯಾಟರಿ ಸತ್ತಿತು.

"ಏನಂತೆ ಮೇಷ್ಟ್ರೇ?" ಎಂದರು ದೊಡ್ಡಬೀರಯ್ಯ.

ಮೇಷ್ಟ್ರು ತೊದಲುತ್ತಾ ಎಲ್ಲವನ್ನೂ ಹೇಳಿದರು. ಗುರುಗಳು ಅಷ್ಟು ಸಂತೋಷಪಟ್ಟ ಮೇಲೆ ಅದು ತಪ್ಪಾಗಿ ಬಿದ್ದದ್ದು ಎನ್ನುವುದು ಹೇಗೆಂದು ಕೇಳಿದರು. ದೊಡ್ಡಬೀರಯ್ಯ ಅವರ ಹೆಗಲ ಮೇಲೆ ಕೈಯಿಟ್ಟರು.

"ಓಗ್ಲಿ ಬುಡಿ ಮೇಷ್ಟ್ರೇ. ಹೆಸ್ರು ಎಲ್ಲಿದ್ರೇನು, ಮರ್ವಾದೆ ಒಂದೇಯ," ಎಂದು ಹೇಳಿ, ಇನ್ನೊಂದು ಲೋಟ ಮಜ್ಜಿಗೆಗೆ ಚಾಮುಂಡಮ್ಮನವರನ್ನು ಕೂಗಿದರು.