ಭೊಂಬಲನ ಇನ್ನೊಂದು ಹೆಸರು

ಪೇಪರಿನ ಶಂಭು ಆ ತಿಂಗಳ ‘ತಾರಾಪಥ’ವನ್ನು ಭೊಂಬಲನ ಬಾಗಿಲಿಗೆ ಹಾಕುವ ಬದಲು ಪಕ್ಕದ ನೃಪೇನ್ ಬಾಬುಗಳ ಜಗಲಿಯ ಮೇಲೆ ಎಸೆದು ಹೋದದ್ದೇ ಅವತ್ತಿನ ಫಜೀತಿಗೆಲ್ಲ ಮೂಲ. ಉತ್ತರ ಕಲ್ಕತ್ತೆಯ ಆ ಗಲ್ಲಿಯಲ್ಲಿ ಜಗಲಿಗೆ ಬಿದ್ದ ಪತ್ರಿಕೆ ಊರಬಾವಿಯ ನೀರಿದ್ದಂತೆ. ಎಲ್ಲರೂ ಸೇದಿಕೊಂಡ ಮೇಲೆ ಉಳಿದರೆ ಚಂದಾದಾರನಿಗೆ.

ಗ್ರಹಾಂತರದ ಕತೆ, ಭೂತದ ಕತೆ, ಮಾಯಾಲೋಕದ ಕತೆ ಬಿಟ್ಟರೆ ಬೇರೇನೂ ಇರದ ಮಾಸಿಕ ಅದು. ಹೋಮಿಯೋಪತಿ ಡಾಕ್ಟರರ ಬಳಿ ಪುಡಿಯ ಪೊಟ್ಟಣ ಕಟ್ಟುವ ಭೊಂಬಲ ಅದನ್ನು ತರಿಸುತ್ತಿದ್ದದ್ದು ಕಣ್ಣು ಹೋಗಿ ಹಾಸಿಗೆ ಹಿಡಿದ ತಾಯಿಗೆ ಓದಿ ಹೇಳಲು. ಮುದುಕಿಗೆ ದೇವರ ನಾಮಕ್ಕಿಂತ ಮಂಗಳ ಗ್ರಹವೇ ರುಚಿ. ಕತೆ ಸಪ್ಪೆಯಾದರೆ, “ಇದು ಆಸ್ಪತ್ರೆ ದಾಲ್ ಕಣೋ, ಮುಂದಿನದು ಬಡಿಸು” ಅನ್ನುತ್ತಿದ್ದಳು.

ಈ ಸಲದ ಸಂಚಿಕೆಯಲ್ಲಿ ಭೊಂಬಲನದೇ ಕತೆ ಅಚ್ಚಾಗಿತ್ತು. ವರ್ಷಗಟ್ಟಲೆ ಕದ್ದು ಬರೆದು, ಕದ್ದು ಅಂಚೆಗೆ ಹಾಕಿ, ವಾಪಸು ಬಂದದ್ದನ್ನು ಕದ್ದು ಒಲೆಗೆ ಹಾಕಿದ ಮೇಲೆ ಕೊನೆಗೊಂದು ದಕ್ಕಿತ್ತು. ‘ನನ್ನ ಹೊಟ್ಟೇಲಿ ಹುಟ್ಟಿದ್ದು ಯಾವ ಕೆಲಸಕ್ಕೂ ಬಾರದ್ದು’ ಎಂದು ಜೀವಮಾನವಿಡೀ ಹಾಡಿಕೊಂಡ ತಾಯಿಗೆ, ‘ಇದು ನಾನು ಬರೆದದ್ದು, ಮಾ’ ಎಂದು ಒಂದೇ ಒಂದು ಸಲ ಹೇಳಬೇಕೆಂಬುದು ಅವನ ಆಸೆ. ಈ ಸಲದ ದುರ್ಗಾಪೂಜೆಯನ್ನು ಅವಳು ಕಾಣುವುದು ಕಷ್ಟ ಎಂದು ಡಾಕ್ಟರರು ಹೇಳಿಬಿಟ್ಟಿದ್ದರು.

ನೃಪೇನ್ ಬಾಬುಗಳು ಆಗಲೇ ಪತ್ರಿಕೆ ಮಡಚಿ ಹಿಡಿದು ಕೂತಿದ್ದರು.

“ಬಾ ಭೊಂಬಲ. ಹಿರಣ್ಮಯ್ ಸಮಾದ್ದಾರ್ ಅಂತ ಯಾರೋ ಬರೆದಿದಾನೆ ನೋಡು. ಹುಡುಗ ನಕ್ಷತ್ರಕ್ಕೆ ಹೋಗ್ತಾನೆ, ಅಲ್ಲಿ ಕಾಲ ನಿಧಾನ. ವಾಪಸು ಬಂದಾಗ ಅವನು ಹುಡುಗನಾಗೇ ಇದಾನೆ, ಅಮ್ಮ ಹಣ್ಣು ಮುದುಕಿ. ಎರಡು ಸಲ ಓದಿದೆನಯ್ಯಾ.”

ಭೊಂಬಲನ ಕಿವಿ ಕೆಂಪಾಯಿತು. “ಅದು ನಾನು ಬರೆದದ್ದು, ಕಾಕಾ. ಹಿರಣ್ಮಯ್ ಅನ್ನೋದು ನನ್ನ ಒಳ್ಳೇ ಹೆಸರು.”

ನೃಪೇನ್ ಬಾಬುಗಳು ಕನ್ನಡಕವನ್ನು ಹಣೆಗೇರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಸೀಮೆಯಲ್ಲಿ ಎಲ್ಲರಿಗೂ ಎರಡೆರಡು ಹೆಸರು. ಮನೆಯಲ್ಲಿ ಕರೆಯಲೊಂದು, ಶಾಲೆಗೂ ಸರ್ಕಾರಕ್ಕೂ ಇನ್ನೊಂದು. ಭೊಂಬಲ ಶಾಲೆ ಬಿಟ್ಟ ಮೇಲೆ ಅವನ ಇನ್ನೊಂದು ಹೆಸರು ಯಾರಿಗೂ ಬೇಕಾಗಿರಲಿಲ್ಲ.

“ಬೆಳಿಗ್ಗೆ ಬೆಳಿಗ್ಗೆ ಡಾಕ್ಟರರ ಸ್ಪಿರಿಟ್ಟಿಗೆ ಬಾಯಿ ಹಾಕಿದ್ಯೇನೋ?” ಎಂದರು ಬಾಬುಗಳು.

ಭೊಂಬಲ ಓಡಿಹೋಗಿ ರೇಷನ್ ಕಾರ್ಡು ತರುವಷ್ಟರಲ್ಲಿ ಪತ್ರಿಕೆ ಗಲ್ಲಿಗೆಲ್ಲ ಅತ್ತಿಗೆಯಾದ ಎದುರು ಮನೆಯ ಬೇಲಾ ಬೌದಿಯ ಅಡುಗೆಮನೆ ಸೇರಿತ್ತು. ಬೌದಿ ಒಂದು ಕೈಯಲ್ಲಿ ಮೀನು ಮಗುಚುತ್ತಾ, ಇನ್ನೊಂದು ಕೈಯ ಅರಿಶಿನದ ಬೆರಳಲ್ಲಿ ಪುಟ ತಿರುವುತ್ತಾ ಮೂಗೊರೆಸಿಕೊಳ್ಳುತ್ತಿದ್ದಳು.

“ಈ ಸಮಾದ್ದಾರ್ ನಿಮ್ಮ ದಾಯಾದಿಯೇನೋ? ಬಾರಿಸಾಲ್ ಕಡೆ ಚೆನ್ನಾಗಿ ಓದಿಕೊಂಡ ಸಮಾದ್ದಾರರು ಇದ್ರಂತೆ. ನಿಮ್ಮ ಕವಲು ಬೇರೆ ಬಿಡು.”

“ನಾನೇ ಬೌದಿ. ಕಾರ್ಡು ನೋಡಿ.”

ಬೌದಿ ನೋಡಿದಳು. “ಹೆಸರು ಒಂದೇ ಆದ್ರೆ ಆಯ್ತೇನೋ? ನಮ್ಮೆಜಮಾನರ ಆಫೀಸಲ್ಲಿ ಮೂರು ಜನ ತಪನ್ ಘೋಷ್ ಇದಾರೆ. ಒಬ್ಬರ ಮನೆಗೆ ಇನ್ನೊಬ್ಬರು ಊಟಕ್ಕೆ ಹೋಗ್ತಾರಾ?”

ಭೊಂಬಲ ತಲೆ ಕೆರೆದುಕೊಳ್ಳುತ್ತಿದ್ದಾಗ ಬೌದಿಯ ಯಜಮಾನರು ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಲ್ಲಿಯ ಕ್ಲಬ್ಬಿಗೆ ನಡೆದೇಬಿಟ್ಟರು. ಇವನೂ ಹಿಂದೆಯೇ ಓಡಿದ.

ಕ್ಲಬ್ಬಿನಲ್ಲಿ ಕೇರಮ್ ನಿಂತುಹೋಗಿತ್ತು. ಎಲ್ಲರಿಗೂ ಅಣ್ಣನಾದ ಕಾರ್ಯದರ್ಶಿ ಮೊಂಟು ದಾ ನಡುವೆ ನಿಂತು ಕತೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಮುಗಿದಾಗ ಪುಂಡರೂ ಕಣ್ಣೊರೆಸಿಕೊಂಡರು. ಭೊಂಬಲ ಬಾಗಿಲಲ್ಲಿ ನಿಂತು, ತನ್ನ ಮದುವೆಯ ಊಟಕ್ಕೆ ತನಗೇ ಎಲೆ ಸಿಗದವನ ಹಾಗೆ ನೋಡಿದ.

“ಈ ಸಲದ ಪೂಜೆ ಪೆಂಡಾಲಿನ ಉದ್ಘಾಟನೆಗೆ ಹಿರಣ್ಮಯ್ ಬಾಬುಗಳೇ,” ಎಂದು ಮೊಂಟು ದಾ ಘೋಷಿಸಿದ. “ಭೊಂಬಲ, ಅವರನ್ನ ಸ್ಟೇಷನ್ನಿಂದ ಕರ್ಕೊಂಡು ಬರೋದು ನಿನ್ನ ಜವಾಬ್ದಾರಿ.”

“ನಾನು ಇಲ್ಲೇ ಇದೀನಲ್ಲ, ಮೊಂಟು ದಾ.”

“ಅದಕ್ಕೇ ನಿನಗೆ ಹೇಳಿದ್ದು. ಅವರ ಬ್ಯಾಗನ್ನ ಅವರ ಕೈಲಿ ಹೊರಿಸಬೇಡ.”

“ಆ ಕತೆ ನನ್ನದು, ಮೊಂಟು ದಾ. ಬೇಕಾದ್ರೆ ಬಾಯಲ್ಲೇ ಹೇಳ್ತೀನಿ,” ಎಂದು ಭೊಂಬಲ ಕಣ್ಣು ಮುಚ್ಚಿ ಮೊದಲ ಸಾಲಿನಿಂದ ಶುರುಮಾಡಿದ. ಒಂದಕ್ಷರ ತಪ್ಪಲಿಲ್ಲ. ಮೊಂಟು ದಾ ಎಲ್ಲರ ಕಡೆ ತಿರುಗಿ, “ನೋಡಿ, ಅಭಿಮಾನಿ ಅಂದ್ರೆ ಹೀಗಿರಬೇಕು. ಹಾರ ಹಾಕೋದಕ್ಕೂ ಇವನನ್ನೇ ಬಿಡೋಣ,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ, ರಕ್ಷಾಪುಟ ಹರಿದು ಅರಿಶಿನ ಹತ್ತಿದ ಪತ್ರಿಕೆ ಅಂತೂ ಅವನ ಕೈಗೆ ಬಂತು. ಹೋಗಲಿ, ಗಲ್ಲಿಯನ್ನು ಕಟ್ಟಿಕೊಂಡು ಏನಾಗಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ತಾಯಿಯ ಪಕ್ಕದಲ್ಲಿ ಕೂತು ಓದಿದ. ಮುದುಕಿ ಎಲ್ಲೂ ತಡೆಯಲಿಲ್ಲ. ಮುಗಿದ ಮೇಲೆ, “ಯಾರೋ ಬರೆದದ್ದು?” ಎಂದು ತಾನಾಗಿಯೇ ಕೇಳಿದಳು.

ಭೊಂಬಲ ಇನ್ನಷ್ಟು ಹತ್ತಿರ ಸರಿದ. “ಹಿರಣ್ಮಯ್ ಸಮಾದ್ದಾರ್, ಮಾ.”

ತಾಯಿಯ ಕೈ ತಡಕಾಡಿ ಪತ್ರಿಕೆಯನ್ನು ಹಿಡಿದು ಎದೆಗೊತ್ತಿಕೊಂಡಿತು. “ಬದುಕಿದಾನೆ. ನನಗೆ ಗೊತ್ತಿತ್ತು.”

“ಯಾರು ಮಾ?”

“ನಿಮ್ಮಣ್ಣ ಕಣೋ. ನಿನಗಿಂತ ಮೊದಲು ಹುಟ್ಟಿದವನು. ಕೂಸಿಗೆ ಜ್ವರ ಬಂತು, ನಿಮ್ಮಪ್ಪ ಎತ್ತಿಕೊಂಡು ಹೋದ್ರು, ಬರಿಗೈಲಿ ಬಂದ್ರು. ನನಗೆ ಮುಖ ತೋರಿಸಲಿಲ್ಲ. ತೋರಿಸದೆ ನಾನು ಹೇಗೋ ನಂಬಲಿ?”

“ಆದ್ರೆ ಹಿರಣ್ಮಯ್ ನನ್ನ ಹೆಸರಲ್ವಾ?”

“ನಿನಗೆಲ್ಲಿ ಇಟ್ಟೆವು ಒಳ್ಳೇ ಹೆಸರು? ಅವನು ಹೋದ ಮೇಲೆ ನಿಮ್ಮಪ್ಪನಿಗೆ ಯಾವುದಕ್ಕೂ ಮನಸ್ಸಿರಲಿಲ್ಲ. ಶಾಲೆಯವರು ಕೇಳಿದಾಗ ಬಾಯಿಗೆ ಬಂದದ್ದು ಅವನ ಹೆಸರು, ಅದನ್ನೇ ಹೇಳಿಬಿಟ್ರು. ನಾನು ಮಾತ್ರ ನಿನ್ನನ್ನ ಒಂದು ದಿನವೂ ಹಾಗೆ ಕರೀಲಿಲ್ಲ. ಅದು ಅವನದು. ಇಷ್ಟು ದಿನ ನಿನ್ನ ಹತ್ರ ಇತ್ತು, ಅಷ್ಟೆ.”

ಬೆಳಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳಿದ ಮಾತು ಭೊಂಬಲನ ನಾಲಿಗೆಯ ತುದಿಗೆ ಬಂತು. ಅವರು ಯಾರೂ ನಂಬಿರಲಿಲ್ಲ. ಈಗ ಹೇಳಿದರೆ ತಾಯಿ ನಂಬುತ್ತಾಳೆ. ನಂಬಿದರೆ ಆ ಕೂಸು ಎರಡನೆಯ ಸಲ ಸಾಯುತ್ತದೆ. ಅವನಿಗೆ ಅಳು ಬಂತು. ಅದು ಅಣ್ಣನಿಗಾಗಿಯೋ ತನಗಾಗಿಯೋ ಅವನಿಗೇ ತಿಳಿಯಲಿಲ್ಲ.

“ಎಷ್ಟು ಚೆನ್ನಾಗಿ ಬರೆದಿದಾನೆ ನೋಡು, ನೀನು ಬರೀ ಪೊಟ್ಟಣ ಕಟ್ಟಿದೆ,” ಎಂದಳು ತಾಯಿ. ಅವಳ ಮುಖದಲ್ಲಿ ಅಂಥ ನಗುವನ್ನು ಭೊಂಬಲ ಹಿಂದೆಂದೂ ಕಂಡಿರಲಿಲ್ಲ. “ಕಾಗದ ಬರಿ ಅವನಿಗೆ. ಅಮ್ಮ ಕಾಯ್ತಿದಾಳೆ ಅನ್ನು.”

“ಬರೀತೀನಿ ಮಾ.”

“ಇಷ್ಟು ಹೊತ್ತಿಗೆ ಊಟ ಮಾಡಿರ್ತಾನೇನೋ?”

ಬೆಳಗಿನಿಂದ ಪತ್ರಿಕೆಯ ಬೆನ್ನು ಹತ್ತಿ ಒಂದು ಗುಟುಕು ಚಹವನ್ನೂ ಕುಡಿಯದ ಭೊಂಬಲ ಕಣ್ಣೊರೆಸಿಕೊಂಡು, “ಮಾಡಿರ್ತಾನೆ ಮಾ,” ಅಂದ.