ತಾಲೂಕಿಗೊಂದು ಜಾಗದ ದೋಣಿ

ಹಿರೇಕೆರೂರ ತಾಲೂಕಿನ ಚಿಕ್ಕೇರೂರಿನ ತನುಜಾ ಒಬ್ಬಳೇ ಹಾಯಿದೋಣಿಯಲ್ಲಿ ಕಾರವಾರದಿಂದ ಮಾರಿಷಸ್ ಮುಟ್ಟಿ, ಶಿವನ ದಯದಿಂದ ಸುಖವಾಗಿ ಮರಳಿದ್ದು ಎಲ್ಲರೂ ಬಲ್ಲ ಸಂಗತಿ. ಈ ಸಲ ಆಫ್ರಿಕಾದ ತುದಿ ಸುತ್ತಬೇಕೆಂಬುದು ಅವಳ ಆಸೆ. ಅದಕ್ಕೆ ದೊಡ್ಡ ದೋಣಿ ಬೇಕು. ಅವಳ ಯಾನದ ಸಿನೆಮಾ ತೆಗೆದು ತೋರಿಸಿ ಜನಕ್ಕೆ ಹುರುಪು ಬಂದರೆ ದೋಣಿ ತಾನಾಗಿ ಬರುತ್ತದೆಂದು ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರಿನ ಹಿರಿಯರೆಲ್ಲ ಕೂಡಿ ಸಮಿತಿ ಮಾಡಿದೆವು.

ಮೊದಲ ಸಭೆಯಲ್ಲೇ ಸವಣೂರಿನ ಮಲ್ಲಿಕಸಾಬರು ಎದ್ದರು. "ವಂತಿಗಿ ನಾಲ್ಕೂ ತಾಲೂಕಿಂದು. ಸಿನೆಮಾದ ದೋಣ್ಯಾಗ ಹಿರೇಕೆರೂರವರೊಬ್ರ ಕುಂತ್ರ ನಾವು ಊರಾಗ ಮುಖ ಹ್ಯಾಂಗ ತೋರಸೂಣ್ರಿ?"

ಮಾತು ನ್ಯಾಯವಾಗಿತ್ತು. ತಾಲೂಕಿಗೊಂದು ಜಾಗವೆಂದು ಠರಾವಾಯಿತು.

"ನಾ ಒಬ್ಬಾಕೀನ ಹೋಗಿದ್ದೆನ್ರಿ," ಎಂದಳು ತನುಜಾ.

"ಅದು ನಿನ್ನ ಧೈರ್ಯವ್ವಾ. ಸಮಿತಿಗೆ ಅಷ್ಟು ಧೈರ್ಯ ಇಲ್ಲ," ಎಂದರು ಅಧ್ಯಕ್ಷ ಬಸವಣ್ಣೆಪ್ಪನವರು.

ಹಿರೇಕೆರೂರಿನ ಜಾಗ ಅಧ್ಯಕ್ಷರ ತಂಗಿಯ ಮಗ ಲೋಹಿತನಿಗೆ ಹೋಯಿತು.

"ಹಂಗಾರ ನಾನು?"

"ನೀ ಒಮ್ಮೆ ಹೋಗಿಬಂದೀಯಲ್ಲವ್ವಾ. ಉಳದವ್ರಿಗೂ ಪಾಳಿ ಬರಬೇಕು." ಅವಳಿಗೆ ದಂಡೆಯ ಮೇಲೆ ನಿಂತು ಆರತಿ ಎತ್ತುವ ಪಾತ್ರ ಮಂಜೂರಾಯಿತು.

ವಂತಿಗೆಯನ್ನು ನಾಲ್ಕು ತಾಲೂಕುಗಳ ಹೊರಗೆ ಖರ್ಚು ಮಾಡತಕ್ಕದ್ದಲ್ಲ ಎಂಬ ನಿಯಮವಿತ್ತು. ಸಮುದ್ರವು ನಾಲ್ಕರಲ್ಲಿ ಯಾವುದಕ್ಕೂ ಸೇರಿರಲಿಲ್ಲ. ಆದಕಾರಣ ತಿಳವಳ್ಳಿಯ ಫಕ್ಕೀರಪ್ಪನ ಗೋವಿನಜೋಳದ ಹೊಲದಲ್ಲಿ, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ದೋಣಿ ಇಟ್ಟು ಯಾನದ ಚಿತ್ರೀಕರಣ ನಡೆಸಲಾಯಿತು. ಗಾಳಿಗೆ ಪೈರು ತೆರೆಯಂತೆಯೇ ತೂಗುತ್ತಿತ್ತು. ಬಿರುಗಾಳಿ ಎಬ್ಬಿಸಲು ಮಾತ್ರ ಹೊಟ್ಟು ಹಾರಿಸಿ ರಾಶಿ ಮಾಡುವ ಮಷೀನು ತರಿಸಬೇಕಾಯಿತು. ಲೋಹಿತನಿಗೆ ಟ್ರೇಲರ್ ಮೇಲೆ ವಾಂತಿಯಾಯಿತು. ಇಡೀ ಸಿನೆಮಾದಲ್ಲಿ ಖರೇ ಇದ್ದದ್ದು ಅದೊಂದೇ ಎಂದು ತನುಜಾ ಅಂದಳು. ಸಮಿತಿ ಅದನ್ನು ಪ್ರಶಂಸೆಯೆಂದು ದಾಖಲಿಸಿತು.

ಹಿರೇಕೆರೂರಿನಲ್ಲಿ ಸಿನೆಮಾದ ಪ್ರದರ್ಶನಕ್ಕೆ ತನುಜಾಳ ಅಜ್ಜಿ ವೀರವ್ವ ಬಂದಿದ್ದಳು. "ನೀರ ಎಲ್ಲಿ ಐತೋ ಯಪ್ಪಾ?"

"ದೋಣಿ ಕೆಳಗ ಐತ್ರಿ ಆಯಿ," ಎಂದರು ಅಧ್ಯಕ್ಷರು.

"ಛಲೋ ಆತು ಬಿಡು. ಹುಡುಗಿ ದಂಡೀಮ್ಯಾಲ ಉಳಕೊಂಡ್ಲು." ಮುದುಕಿ ಆವತ್ತು ನಿಶ್ಚಿಂತೆಯಿಂದ ಉಂಡಳೆಂದು ಕೇಳಿದ್ದೇನೆ.

ನಿರೀಕ್ಷೆಯಂತೆ ಸಿನೆಮಾ ನೋಡಿದವರಿಂದ ದೊಡ್ಡ ದೋಣಿ ಬಂತು. ಸಿನೆಮಾದಲ್ಲಿ ಕಂಡ ನಾವಿಕರಿಗೇ ಕೊಡತಕ್ಕದ್ದೆಂದು ದಾನಿಗಳ ಷರತ್ತಿತ್ತು. ಬೇರೆ ತಾಲೂಕುಗಳ ಮೂವರಿಗೆ ಬಿತ್ತನೆಯ ಕೆಲಸ, ಲೋಹಿತನೊಬ್ಬ ಉಳಿದ. ಅವನು ಸಮುದ್ರ ನೋಡಿರಲಿಲ್ಲವಾದ್ದರಿಂದ ಸಮಿತಿ ಹೀಗೆ ತೀರ್ಮಾನಿಸಿತು: ಲೋಹಿತ ಕಪ್ತಾನ. ತನುಜಾ ಅವನ ಸಹಾಯಕಿ. ಚುಕ್ಕಾಣಿ ಹಿಡಿಯುವುದು, ಹಾಯಿ ಕಟ್ಟುವುದು, ದಾರಿ ಕಾಣುವುದು ಅವಳ ಸಹಾಯ. ಫೋಟೋ ತೆಗೆಯುವವರು ಬಂದರೆ ಅವಳು ಕೆಳಗಿಳಿದು ಕೂಡತಕ್ಕದ್ದು.

"ಒಪ್ಪಿಗಿ ಐತೇನವ್ವಾ?"

"ದೋಣಿ ಯಾವಾಗ ಕೊಡ್ತೀರಿ?" ಎಂದಳು. ಒಪ್ಪಿಗೆ ಎಂದು ಬರೆದುಕೊಂಡೆವು.

ಆಗ ಲೋಹಿತ ಕೈ ಎತ್ತಿದ. "ಅಕ್ಕಾ, ದಾರ್ಯಾಗ ಊಟಕ್ಕ ಎಲ್ಲಿ ನಿಂದರಸ್ತಾರ?"

ತನುಜಾ ನಗಲಿಲ್ಲ. "ಬೇಕಾದಷ್ಟು ಖಾನಾವಳಿ ಅದಾವ. ನೀ ಮೊದಲ ದೋಣಿ ಹತ್ತು."

ಸಭೆಗೆ ಸಮಾಧಾನವಾಯಿತು. ಅವುಗಳಲ್ಲಿ ಶುದ್ಧ ಶಾಕಾಹಾರಿ ಎಷ್ಟೆಂದು ತಿಳಿಯಲು ಉಪಸಮಿತಿ ನೇಮಿಸಿ, ಚಹಾ ಕುಡಿದು ಎದ್ದೆವು.